ಮೊಬೈಲ್ ಇರುವಾಗ ಚಾರಣಕ್ಕೆ ಪ್ರತ್ಯೇಕ ಜಿಪಿಎಸ್ ಯಂತ್ರ ಬೇಕೇ? ಬೇಕಾದರೆ ಬಳಸುವುದು ಹೇಗೆ?

ಜನ ಓಡಾಡುವ, ಒಂದೇ ದಿನದ ದಾರಿಗೆ ಬೇಡ. ನೆಟ್‌ವರ್ಕ್ ಇಲ್ಲದಿದ್ದರೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿದ್ದರೆ ಸಾಕು. ಆದರೆ ಪಶ್ಚಿಮ ಘಟ್ಟದ ಮಳೆ, ಮಂಜಿನಲ್ಲಿ ಎರಡು ಮೂರು ದಿನ ನಡೆಯುವುದಾದರೆ ಮಾತು ಬೇರೆ. ಗಾರ್ಮಿನ್ ಇಟ್ರೆಕ್ಸ್ 10ರಂಥ ಅಂಗೈಯಗಲದ ಯಂತ್ರ ಎರಡು ಎಎ ಬ್ಯಾಟರಿಗಳಲ್ಲಿ ಸುಮಾರು 20 ಗಂಟೆ ನಡೆಯುತ್ತದೆ, ಒದ್ದೆ ಕೈಯಲ್ಲೂ ಅದರ ಗುಂಡಿಗಳನ್ನು ಒತ್ತಬಹುದು.

ಬಳಕೆಯಲ್ಲಿ ಬಹಳ ಮಂದಿ ಎಡವುವುದು ಆರಂಭದಲ್ಲೇ. ಬಹಳ ದಿನ ಮುಚ್ಚಿಟ್ಟ ಯಂತ್ರಕ್ಕೆ ಉಪಗ್ರಹಗಳನ್ನು ಹುಡುಕಲು ಕೆಲವು ನಿಮಿಷ ಬೇಕು. ಎತ್ತರವೂ ಸೇರಿ ಸ್ಥಾನ ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹಗಳು ಸಿಗಬೇಕು. ಹಾಗಾಗಿ ದಟ್ಟ ಶೋಲಾ ಕಾಡಿಗೆ ನುಗ್ಗುವ ಮೊದಲು, ತೆರೆದ ಬಯಲಲ್ಲಿ ನಿಂತು ಚಾಲೂ ಮಾಡಿ. ಹೊರಟ ಜಾಗವನ್ನು ಗುರುತು ಹಾಕಿ, ನಡೆದ ಜಾಡು ದಾಖಲಾಗುತ್ತಿದೆಯೇ ಎಂದು ನೋಡಿಕೊಳ್ಳಿ. ದಾರಿ ತಪ್ಪಿದಾಗ ಅದೇ ಜಾಡಿನಲ್ಲಿ ಹಿಂದಿರುಗಬಹುದು. ನನ್ನ ಮಟ್ಟಿಗೆ ಈ ಒಂದು ಸೌಲಭ್ಯಕ್ಕಾಗಿಯೇ ಯಂತ್ರ ಕೊಳ್ಳಬಹುದು.

ಕೆಲವು ಅಗ್ಗದ ಮಾದರಿಗಳಲ್ಲಿ ವಿದ್ಯುನ್ಮಾನ ದಿಕ್ಸೂಚಿ ಇರುವುದಿಲ್ಲ. ಅಂಥವುಗಳಲ್ಲಿ ನಿಂತಲ್ಲೇ ತಿರುಗಿದರೆ ದಿಕ್ಕು ತೋರುವ ಬಾಣ ನಂಬಿಕೆಗೆ ಅರ್ಹವಲ್ಲ, ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ನೋಡಿ. ಹಳೆಯ ಸರ್ವೇ ನಕ್ಷೆ ಜೊತೆಗಿದ್ದರೆ ಇನ್ನೊಂದು ಎಚ್ಚರ: ಅದರ ಅಕ್ಷಾಂಶ, ರೇಖಾಂಶಗಳು ಎವರೆಸ್ಟ್ ಎಂಬ ಹಳೆಯ ಮಾನದವು, ಯಂತ್ರ ಸಾಮಾನ್ಯವಾಗಿ ಡಬ್ಲ್ಯೂಜಿಎಸ್ 84 ಎಂಬ ಬೇರೆ ಮಾನದಲ್ಲಿರುತ್ತದೆ. ಯಂತ್ರವನ್ನು ನಕ್ಷೆಯ ಮಾನಕ್ಕೆ ಹೊಂದಿಸದಿದ್ದರೆ ನೂರಾರು ಮೀಟರ್ ವ್ಯತ್ಯಾಸ ಬರುತ್ತದೆ. ಮಂಜಿನಲ್ಲಿ ಬಂಡೆಯಂಚಿಗೆ ಅಷ್ಟು ದೂರವೂ ಇರುವುದಿಲ್ಲ.