ವಿಮಾನ ಕಂಪನಿ ತೆರೆಯುವ ಮೊದಲು ಮುಚ್ಚುವ ಲೆಕ್ಕ ಹಾಕಿ

2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ ಮೊದಲ ಪ್ರಯಾಣಿಕ ವಿಮಾನ ಇಳಿದಾಗಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇದೆ. ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವಕ್ಕೆ ಚುಟುಕು ಉತ್ತರ ಸಾಕು.

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯ ಹನ್ನೆರಡು ಮಂದಿ ಅಡಿಕೆ ಬೆಳೆಗಾರರು. ವಿಮಾನ ಕೊಳ್ಳಬೇಕಿಲ್ಲ, ಲೀಸ್‌ಗೆ ಸಿಗುತ್ತದೆ; 20 ಕೋಟಿ ಬಂಡವಾಳ ತೋರಿಸಿದರೆ ಲೈಸೆನ್ಸ್ ಆಗುತ್ತದೆ; ಎರಡು ವರ್ಷ ನೋಡಿ ಆಗದಿದ್ದರೆ ವಾಪಸ್ ಕೊಟ್ಟುಬಿಡಿ ಎಂದು ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ. ಶಿವಮೊಗ್ಗದಿಂದ ಎಟಿಆರ್ (ಸಣ್ಣ ಮಾರ್ಗಗಳ ಪ್ರಯಾಣಿಕ ವಿಮಾನ) ಹಾರಿಸಬಹುದೇ?

ಉತ್ತರ: ಮೊದಲ ಮಾತು ನಿಜ, ಎರಡನೆಯದು ಅರ್ಧ ನಿಜ, ಮೂರನೆಯದು ಸುಳ್ಳು. ನಿಮ್ಮ ತೋಟ ಹೋಗುವುದು ಆ ಮೂರನೆಯದರಿಂದ.

20 ಕೋಟಿ ಎನ್ನುವುದು 40 ಟನ್‌ಗಿಂತ ಹಗುರವಾದ ವಿಮಾನಗಳಿಗೆ, ಐದರವರೆಗೆ, ನಿಯಮ ಕೇಳುವ ಪಾವತಿಯಾದ ಬಂಡವಾಳ. ಎಟಿಆರ್ 72 ಸುಮಾರು 23 ಟನ್ ತೂಗುತ್ತದೆ, ಆ ಲೆಕ್ಕಕ್ಕೆ ಬರುತ್ತದೆ. ಆದರೆ ಅದು ಬಾಗಿಲಲ್ಲಿ ತೋರಿಸುವ ಹಣ, ಒಳಗೆ ಆಗುವ ಖರ್ಚಲ್ಲ. ವಿಮಾನಯಾನ ಸಚಿವಾಲಯದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಆದಮೇಲೆ ವಿಮಾನಯಾನ ನಿಯಂತ್ರಕ ಡಿಜಿಸಿಎಯಿಂದ ಎಒಸಿ, ಎಂದರೆ ವಿಮಾನ ಸೇವೆ ನಡೆಸುವ ಪ್ರಮಾಣಪತ್ರ, ಪಡೆಯಲು ಐದು ಹಂತ ದಾಟಬೇಕು. ನಾಲ್ಕನೆಯದರಲ್ಲಿ ನಿಮ್ಮ ವಿಮಾನ, ನಿಮ್ಮ ಪೈಲಟ್, ನಿಮ್ಮ ಎಂಜಿನಿಯರ್‌ಗಳನ್ನೇ ಇಟ್ಟುಕೊಂಡು ಪರೀಕ್ಷಾ ಹಾರಾಟ ಮಾಡಿ ತೋರಿಸಬೇಕು. ಎಂದರೆ ಒಂದು ಟಿಕೆಟ್ ಮಾರುವ ಮೊದಲೇ ವಿಮಾನ ಕೈಯಲ್ಲಿರಬೇಕು, ಬಾಡಿಗೆ ಓಡುತ್ತಿರಬೇಕು, ಸಂಬಳ ಹೋಗುತ್ತಿರಬೇಕು. ಒಂದು ಕೈಪಿಡಿಯಲ್ಲಿ ತಪ್ಪು ಸಿಕ್ಕಿ ಕಡತ ಎರಡು ತಿಂಗಳು ಹಿಂದಕ್ಕೆ ಬಂದರೆ ಆ ಎರಡು ತಿಂಗಳ ಬಾಡಿಗೆ ಹೋದಂತೆಯೇ. ಕಂಪನಿ ಮುಚ್ಚಿದರೆ ಇದರಲ್ಲಿ ಒಂದು ಪೈಸೆಯೂ ವಾಪಸ್ ಬರುವುದಿಲ್ಲ. ಎಒಸಿಯನ್ನು ಇನ್ನೊಬ್ಬರಿಗೆ ಮಾರಲೂ ಬರುವುದಿಲ್ಲ.

ಈಗ ಲೀಸ್. ಬಾಡಿಗೆ ಡಾಲರಿನಲ್ಲಿ, ಟಿಕೆಟ್ ರೂಪಾಯಿಯಲ್ಲಿ. ಫಸಲು ಬರಲಿ ಬಿಡಲಿ ಗೇಣಿ ಅಳೆಯಲೇಬೇಕಿದ್ದ ಹಳೆಯ ಕರಾರಿನ ಹಾಗೆ, ವಿಮಾನ ಹಾರಲಿ ಬಿಡಲಿ ಬಾಡಿಗೆ ಕಟ್ಟಬೇಕು. ಜುಲೈ ತಿಂಗಳ ಮೋಡಕ್ಕೆ ಸೋಗಾನೆಯಲ್ಲಿ ಇಳಿಯಲಾಗದೆ ವಾಪಸ್ ಹೋದ ದಿನವೂ ಅದರಲ್ಲಿ ಸೇರಿದೆ. ಸಾಮಾನ್ಯವಾಗಿ ಮೂರು ತಿಂಗಳ ಬಾಡಿಗೆಯಷ್ಟು ಠೇವಣಿ ಕೇಳುತ್ತಾರೆ. ಅದರ ಮೇಲೆ ಹಾರಿದ ಪ್ರತಿ ಗಂಟೆಗೆ, ಪ್ರತಿ ಸೈಕಲ್‌ಗೆ ರಿಪೇರಿ ನಿಧಿ ಕಟ್ಟಬೇಕು. ಒಮ್ಮೆ ಏರಿ ಇಳಿದರೆ ಒಂದು ಸೈಕಲ್. ಬೆಂಗಳೂರು–ಶಿವಮೊಗ್ಗದಂಥ ಸಣ್ಣ ಹಾರಾಟದಲ್ಲಿ ಗಂಟೆ ಕಡಿಮೆ, ಸೈಕಲ್ ಹೆಚ್ಚು. ಎಂಜಿನ್ನಿನಲ್ಲಿ ಬ್ಲೇಡ್ ಹಿಡಿದು ತಿರುಗುವ ಡಿಸ್ಕ್‌ಗಳ ಆಯುಷ್ಯ ಎಣಿಸುವುದು ಸೈಕಲ್‌ನಲ್ಲೇ.

ವಾಪಸ್ ಕೊಡುವ ದಿನ ಏನಾಗುತ್ತದೆ ಎಂಬುದನ್ನು ಯಾವ ಸಲಹೆಗಾರರೂ ಬಿಡಿಸಿ ಹೇಳುವುದಿಲ್ಲ. ಮಾಲೀಕನ ಕಡೆಯ ಎಂಜಿನಿಯರ್ ಎಂಜಿನ್ನಿನೊಳಗೆ ಬೋರ್‌ಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಇಳಿಸಿ ಬ್ಲೇಡ್ ಒಂದೊಂದನ್ನೂ ನೋಡುತ್ತಾನೆ. ಆಮೇಲೆ ಕಾಗದ ಕೇಳುತ್ತಾನೆ. ಆಯುಷ್ಯ ನಿಗದಿಯಾದ ಪ್ರತಿ ಭಾಗಕ್ಕೂ ಅದು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದ ಯಾವ ವಿಮಾನದಲ್ಲಿ ಎಷ್ಟು ಸೈಕಲ್ ದುಡಿದಿದೆ ಎಂಬ ದಾಖಲೆ ಇರಬೇಕು. ಒಂದು ಹಾಳೆ ತಪ್ಪಿದ್ದರೂ ಗಟ್ಟಿಮುಟ್ಟಾದ ಡಿಸ್ಕ್ ಗುಜರಿಗೆ ಸಮ. ಹೊಸದನ್ನು ನಿಮ್ಮ ಖರ್ಚಿನಲ್ಲಿ ಹಾಕಿಕೊಡಬೇಕು. ದುಡ್ಡಿನ ಮುಗ್ಗಟ್ಟು ಬಂದಾಗ ಎಲ್ಲರೂ ಮಾಡುವ ತಪ್ಪೊಂದಿದೆ: ನಿಂತ ವಿಮಾನದಿಂದ ಭಾಗ ಕಿತ್ತು ಓಡುವ ವಿಮಾನಕ್ಕೆ ಹಾಕುವುದು. ಎರಡು ವಿಮಾನಗಳ ಮಾಲೀಕರು ಬೇರೆ ಬೇರೆಯಾಗಿದ್ದರೆ ಅಲ್ಲಿಗೆ ಇಬ್ಬರ ತಕರಾರೂ ನಿಮ್ಮ ತಲೆಗೆ. ಅವಧಿಗೆ ಮೊದಲೇ ಬಿಟ್ಟರೆ ಉಳಿದ ವರ್ಷಗಳ ಬಾಡಿಗೆಯನ್ನೂ ಪರಿಹಾರವಾಗಿ ಕೇಳುತ್ತಾರೆ.

ದಿವಾಳಿ ಅರ್ಜಿ ಹಾಕಿ ಉಸಿರಾಡಬಹುದು ಎಂಬ ಮಾತೂ ಹಳತಾಯಿತು. ಗೋ ಫಸ್ಟ್ ವಿಮಾನ ಕಂಪನಿ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿದಾಗ ಮಾಲೀಕರಿಗೆ ವಿಮಾನ ಬಿಡಿಸಿಕೊಳ್ಳಲು ಸುಮಾರು ಒಂದು ವರ್ಷ ಆಗಲಿಲ್ಲ. 54 ವಿಮಾನಗಳ ನೋಂದಣಿ ರದ್ದುಮಾಡಲು ದೆಹಲಿ ಹೈಕೋರ್ಟ್ ಹೇಳಿದ್ದು 2024ರ ಏಪ್ರಿಲ್‌ನಲ್ಲಿ. ಆ ಗಲಾಟೆಯ ನಡುವೆಯೇ, 2023ರ ಅಕ್ಟೋಬರ್‌ನಲ್ಲಿ, ಆಸ್ತಿ ಯಾರೂ ಒಯ್ಯದಂತೆ ದಿವಾಳಿ ಕಾಯ್ದೆ ಕೊಡುವ ತಡೆಯಿಂದ ವಿಮಾನಗಳನ್ನು ಹೊರಗಿಟ್ಟರು. 2025ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು. ಬಾಡಿಗೆ ತಪ್ಪಿದರೆ ಮಾಲೀಕ ವಿಮಾನ ಒಯ್ಯುತ್ತಾನೆ, ಸಾಲ ನಿಮ್ಮಲ್ಲೇ ಉಳಿಯುತ್ತದೆ.

ಕೊಪ್ಪದ ಸಹಕಾರ ಸಾರಿಗೆಯನ್ನು ಉದಾಹರಣೆ ಕೊಟ್ಟು ಬರೆಯುವವರಿದ್ದಾರೆ. 1991ರಲ್ಲಿ ಕಾರ್ಮಿಕರೇ ಕಟ್ಟಿ ದಶಕಗಳ ಕಾಲ ಮಲೆನಾಡಿನ ರಸ್ತೆಗಳಲ್ಲಿ ಬಸ್ ಓಡಿಸಿದ ಸಂಸ್ಥೆ ಅದು, 2020ರಲ್ಲಿ ನಿಂತಿತು. ಅದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಬಸ್ಸು ಸ್ವಂತದ್ದು. ನಷ್ಟವಾದರೆ ಒಂದೊಂದಾಗಿ ಮಾರಿ ಸಾಲ ಇಳಿಸಬಹುದು. ಲೀಸ್ ವಿಮಾನದಲ್ಲಿ ಮಾರಲು ನಿಮ್ಮದೆಂಬುದು ಏನೂ ಇಲ್ಲ.

ಹಾಗಾದರೆ ಶಿವಮೊಗ್ಗಕ್ಕೆ ಬೇರೆ ಕಂಪನಿಗಳು ಹೇಗೆ ಸುಲಭವಾಗಿ ಬರುತ್ತವೆ, ಬಿಡುತ್ತವೆ ಎಂದು ಕೇಳುತ್ತೀರಿ. ಅವು ಉದ್ಯಮಕ್ಕೆ ಬರುತ್ತಿಲ್ಲ, ಮಾರ್ಗಕ್ಕೆ ಬರುತ್ತಿವೆ. ವಿಮಾನ, ಪೈಲಟ್, ಎಒಸಿ ಎಲ್ಲ ಇರುವವರಿಗೆ ಸೋಗಾನೆ ಎಂದರೆ ಎರಡು ಕೌಂಟರ್, ಕೆಲವು ಸಿಬ್ಬಂದಿ, ಬೆಂಗಳೂರಿನಲ್ಲಿ ಇಳಿದೇರಲು ಒಂದು ಗೊತ್ತಾದ ಸಮಯ (ಸ್ಲಾಟ್). ಆಗದಿದ್ದರೆ ಅದೇ ವಿಮಾನ ಮರುದಿನ ಬೇರೆ ಊರಿಗೆ ಹೋಗುತ್ತದೆ. 1980ರ ದಶಕದಲ್ಲಿ ಬಾಮೋಲ್ ಮತ್ತಿತರ ಅರ್ಥಶಾಸ್ತ್ರಜ್ಞರು ವಿಮಾನಯಾನವನ್ನು ಯಾರು ಬೇಕಾದರೂ ಹೊಕ್ಕು ಹೊರಡಬಹುದಾದ ಮಾರುಕಟ್ಟೆ ಎಂದು ತೋರಿಸಿದ್ದು ಇದನ್ನೇ ನೋಡಿ. ನಿಮ್ಮ ಸಲಹೆಗಾರರು ಅದನ್ನು ಹೊಸ ಕಂಪನಿಗೆ ಅಂಟಿಸುತ್ತಿದ್ದಾರೆ.

ನಿಮ್ಮ ಆಸೆ ಊರಿಗೆ ವಿಮಾನ ಬೇಕೆಂಬುದಾದರೆ ಇರುವ ಕಂಪನಿಯೊಂದರ ಜೊತೆ ಸೀಟು ಖಾತ್ರಿ ಕರಾರು ಮಾಡಿಕೊಳ್ಳಿ: ವಾರಕ್ಕೆ ಇಷ್ಟು ಸೀಟು ತುಂಬದಿದ್ದರೆ ವ್ಯತ್ಯಾಸ ನಾವು ಕೊಡುತ್ತೇವೆ ಎಂದು, ಮೇಲಿನ ಮಿತಿ ಬರೆದು. ನಷ್ಟ ಎಷ್ಟೆಂದು ಮೊದಲ ದಿನವೇ ಗೊತ್ತಿರುತ್ತದೆ. ಕಂಪನಿಯೇ ಬೇಕು ಎಂದಾದರೆ ಸಲಹೆಗಾರರಿಂದ ಮುಚ್ಚುವ ದಿನದ ಲೆಕ್ಕ ಬರೆಸಿಕೊಳ್ಳಿ: ಉಳಿದ ಬಾಡಿಗೆ, ವಾಪಸಾತಿ ರಿಪೇರಿ, ವಿಮಾನವನ್ನು ಮಾಲೀಕ ಹೇಳಿದ ಊರಿಗೆ ಮುಟ್ಟಿಸುವ ಖರ್ಚು, ಮುಂಗಡ ಟಿಕೆಟ್ ಹಣ, ಸಂಬಳ, ಪಿಎಫ್, ಟಿಡಿಎಸ್. ವೈಯಕ್ತಿಕ ಜಾಮೀನಿಗೆ ಸಹಿ ಹಾಕಬೇಡಿ. ತೋಟದ ಪಹಣಿಯನ್ನು ಯಾರ ಕೈಗೂ ಕೊಡಬೇಡಿ.

ಪ್ರಶ್ನೆ: ಐದು ವರ್ಷ ಹಾರಿಸಿರಬೇಕು, 20 ವಿಮಾನ ಇರಬೇಕು ಎಂಬ ನಿಯಮ ಹೊಸಬರನ್ನು ತಡೆಯುತ್ತಿದೆಯಲ್ಲವೇ? (ಭದ್ರಾವತಿ)

ಉತ್ತರ: ಆ ಐದು ವರ್ಷದ ಷರತ್ತು 2016ರಲ್ಲೇ ಹೋಯಿತು, ಇದ್ದಾಗಲೂ ಅದು ವಿದೇಶ ಹಾರಾಟಕ್ಕೆ ಮಾತ್ರ.

ಪ್ರಶ್ನೆ: ಎನ್‌ಒಸಿ ಮಾಡಿಸಿಕೊಡುತ್ತೇನೆಂದು ಏಜೆಂಟರೊಬ್ಬರು ಮುಂಗಡ ಕೇಳುತ್ತಿದ್ದಾರೆ. (ಸಾಗರ)

ಉತ್ತರ: ಕೊಡಬೇಡಿ.

ಪ್ರಶ್ನೆ: ಸಣ್ಣ ಊರುಗಳ ಹಾರಾಟಕ್ಕೆ ಕೇಂದ್ರ ಸರ್ಕಾರ ಕೊಡುವ ಉಡಾನ್ ನೆರವು ಸಿಕ್ಕರೆ ಮಾರ್ಗ ಶಾಶ್ವತವೇ? (ಹೊಸನಗರ)

ಉತ್ತರ: 2016ರ ಮೂಲ ಯೋಜನೆಯಲ್ಲಿ ನೆರವೂ ಮೂರು ವರ್ಷ, ಬೇರೆಯವರು ಆ ಮಾರ್ಗಕ್ಕೆ ಬರದಂತೆ ಕೊಡುವ ರಕ್ಷಣೆಯೂ ಮೂರು ವರ್ಷ. ನಾಲ್ಕನೇ ವರ್ಷದ ಸೀಟು ತುಂಬುವವರು ನೀವೇ.

ಪ್ರಶ್ನೆ: ಮಗ ಪೈಲಟ್. ಕೆಲಸ ಬದಲಿಸಲು ಒಂದು ವರ್ಷ ಕಾಯಬೇಕಂತೆ, ನಿಜವೇ? (ಶಿಕಾರಿಪುರ)

ಉತ್ತರ: 2017ರ ಡಿಜಿಸಿಎ ನಿಯಮದಂತೆ ಕಮಾಂಡರ್‌ಗೆ (ಮುಖ್ಯ ಪೈಲಟ್) 12 ತಿಂಗಳು, ಫಸ್ಟ್ ಆಫೀಸರ್‌ಗೆ (ಸಹ ಪೈಲಟ್) ಆರು ತಿಂಗಳು ನೋಟಿಸ್. ಹಳೆಯ ಕಂಪನಿ ಎನ್‌ಒಸಿ ಕೊಟ್ಟರೆ ಬೇಗ ಬಿಡಬಹುದು. ಅದು ಕೈಗೆ ಬರುವ ತನಕ ಹೊಸ ಕಂಪನಿಗೆ ಸೇರುವ ದಿನಾಂಕ ಬರೆದುಕೊಡಬೇಡಿ.

ಪ್ರಶ್ನೆ: ಕಂಪನಿ ಮುಚ್ಚಿದರೆ ನಮ್ಮ ಟಿಕೆಟ್ ಹಣದ ಗತಿ? (ಶಿವಮೊಗ್ಗ)

ಉತ್ತರ: ಕಂಪನಿಯಿಂದ ಹಣ ಬರಬೇಕಾದವರ ಸಾಲಿನಲ್ಲಿ ಪ್ರಯಾಣಿಕ ಬಹಳ ಹಿಂದೆ ನಿಲ್ಲುತ್ತಾನೆ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಹಾರಾಟ ರದ್ದಾದ ಕೂಡಲೇ ನಿಮ್ಮ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ (ಕಾರ್ಡಿನ ಹಣ ವಾಪಸ್ ಕೇಳುವ) ಅರ್ಜಿ ಕೊಡಿ, ಅದಕ್ಕೆ ಗಡುವು ಇದೆ. ದಿವಾಳಿ ಪ್ರಕ್ರಿಯೆ ಶುರುವಾದರೆ ನೇಮಕವಾದ ಅಧಿಕಾರಿಗೂ ಟಿಕೆಟ್ ಪ್ರತಿ ಸಮೇತ ಕ್ಲೇಮ್ ಸಲ್ಲಿಸಿ. ಕಂಪನಿ ಸಂಬಳ ತಡಮಾಡುತ್ತಿದೆ ಎಂಬ ಸುದ್ದಿ ಬಂದಮೇಲೆ ಮಗಳ ಮದುವೆಗೆಂದು ಮೂರು ತಿಂಗಳು ಮುಂಚೆ ಅದರಲ್ಲಿ ಟಿಕೆಟ್ ಮಾಡಬೇಡಿ, ಎಷ್ಟೇ ಅಗ್ಗವಾಗಿದ್ದರೂ.