ಕಾಡಿನಲ್ಲಿ ನಡೆಯೋಕೂ ಬುಕಿಂಗ್ ಯಾಕೆ, ಒಂದೇ ದಿಕ್ಕು ಯಾಕೆ?

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿರೋ ಓವರ್‌ಲ್ಯಾಂಡ್ ಟ್ರ್ಯಾಕ್ ಅನ್ನೋ ಚಾರಣದ ದಾರಿಗೆ ದುಡ್ಡು ಕಟ್ಟಿ ದಿನ ಬುಕ್ ಮಾಡಬೇಕು, ಉತ್ತರದಿಂದ ದಕ್ಷಿಣಕ್ಕೇ ನಡೆಯಬೇಕು, ಇದೆಲ್ಲ ದುಡ್ಡು ಮಾಡೋ ದಾರಿ ಅಲ್ವಾ ಅಂತ ಕೇಳಿದ್ದೀರಿ. ಆ ದಾರಿಯಲ್ಲಿ ನಡೆದವನಾಗಿ ಹೇಳ್ತೀನಿ, ಅಲ್ಲ.

ಕ್ರೇಡಲ್ ಬೆಟ್ಟದ ಕಡೆಯಿಂದ ಲೇಕ್ ಸೇಂಟ್ ಕ್ಲೇರ್‌ವರೆಗೆ ಸುಮಾರು 65 ಕಿಲೋಮೀಟರ್. ಬುಕಿಂಗ್ ಶುರುವಾಗಿದ್ದು 2005ರಲ್ಲಿ. ಅಕ್ಟೋಬರ್‌ನಿಂದ ಮೇ ಕೊನೆಯವರೆಗೆ ದಿನಕ್ಕೆ ಇಷ್ಟೇ ಜನ ಅಂತ ಬಿಡ್ತಾರೆ. ಅಲ್ಲಿನ ಚಳಿಗಾಲದಲ್ಲಿ, ಅಂದ್ರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಯಾವ ಕಡೆಯಿಂದ ಬೇಕಾದರೂ ನಡೆಯಬಹುದು.

ನನಗೆ ತುಂಬಾ ಇಷ್ಟವಾಗಿದ್ದು ಒಂದೇ ದಿಕ್ಕಿನ ನಿಯಮ. ಇವತ್ತು ಎಷ್ಟು ಜನ ಹೊರಟರು ಅಂತ ಗೊತ್ತಿದ್ದರೆ, ರಾತ್ರಿ ವಾಟರ್‌ಫಾಲ್ ವ್ಯಾಲಿ ಹಟ್‌ನಲ್ಲಿ (ಹಟ್ ಅಂದ್ರೆ ದಾರಿಯಲ್ಲಿ ತಂಗೋ ಮನೆ), ನಾಳೆ ವಿಂಡರ್‌ಮಿಯರ್‌ನಲ್ಲಿ, ನಾಡಿದ್ದು ಪೆಲಿಯನ್‌ನಲ್ಲಿ ಎಷ್ಟು ಜನ ಇರ್ತಾರೆ ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತೆ. ಎರಡೂ ಕಡೆಯಿಂದ ಬಿಟ್ಟರೆ ಆ ಲೆಕ್ಕ ಕೆಡುತ್ತೆ. ಇನ್ನೊಂದು ಲಾಭ ಇದೆ. ಎಲ್ಲರೂ ಒಂದೇ ಕಡೆ ಹೋಗ್ತಿರೋದರಿಂದ ಎದುರಿಗೆ ಬರೋರು ಕಡಿಮೆ. ಎಷ್ಟೋ ಹೊತ್ತು ಒಬ್ಬರೇ ನಡೀತಿದ್ದೀವಿ ಅನಿಸುತ್ತೆ. ಬುಕಿಂಗ್ ತುಂಬಿದ ದಿನವೂ ಹಾಗೇ!

ಇದಕ್ಕೆಲ್ಲ ಮೂಲ ಕಾಲ ಕೆಳಗಿನ ಮಣ್ಣು. ಅಲ್ಲಿ ಮಳೆ ಜಾಸ್ತಿ. ಬಟನ್‌ಗ್ರಾಸ್ ಅನ್ನೋ ಹುಲ್ಲಿನ ಬಯಲುಗಳಲ್ಲಿ ಮಣ್ಣು ಕಪ್ಪಗೆ, ಮೆತ್ತಗೆ, ಸದಾ ನೀರು ಕುಡಿದೇ ಇರುತ್ತೆ. ನಾಲ್ಕು ಜನ ತುಳಿದರೆ ಕೆಸರು. ಐದನೆಯವರು ಬೂಟು ಒದ್ದೆಯಾಗಬಾರದು ಅಂತ ಅಂಚಿನ ಹುಲ್ಲಿನ ಮೇಲೆ ಕಾಲಿಡ್ತಾರೆ. ಆ ಅಂಚೂ ಕೆಸರಾಗುತ್ತೆ. ಆಮೇಲೆ ಬಂದವರು ಇನ್ನೂ ಪಕ್ಕಕ್ಕೆ ಸರೀತಾರೆ. ಒಬ್ಬರು ನಡೆಯೋ ಕಾಲುದಾರಿ ನೋಡ್ತಾ ನೋಡ್ತಾ ಗಾಡಿ ದಾರಿಯಷ್ಟು ಅಗಲ ಆಗಿಬಿಡುತ್ತೆ. ಅದಕ್ಕೇ ಉದ್ದಕ್ಕೂ ಎಷ್ಟೋ ಕಡೆ ಹಲಗೆ ಹಾಸಿದ್ದಾರೆ, ಜಾರದಿರಲಿ ಅಂತ ಮೇಲೆ ತಂತಿಬಲೆ ಹೊಡೆದಿದ್ದಾರೆ. ಹಲಗೆ ಇಲ್ಲದ ಕಡೆ ಕೆಸರಿನ ನಡುವೆಯೇ ನಡೀಬೇಕು. ಕಣಕಾಲಿನವರೆಗೂ ಹೂತರೂ ಅದೇ ಸರಿ. ಬೂಟಿನ ಮಣ್ಣು ಉಜ್ಜಿ ತೊಳೆದೇ ಹೊರಡಬೇಕು, ಯಾಕಂದ್ರೆ ಫೈಟೋಫ್ಥೊರಾ ಅನ್ನೋ ಬೇರುಕೊಳೆ ರೋಗ ಮಣ್ಣಿನ ಜೊತೆ ಊರೂರು ಸುತ್ತುತ್ತೆ.

ದುಡ್ಡು ಎಲ್ಲಿಗೆ ಹೋಗುತ್ತೆ ಅಂದ್ರೆ, ಹಟ್‌ಗಳ ಟಾಯ್ಲೆಟ್ ನೋಡಿ. ರಸ್ತೆ ಇಲ್ಲದ ಜಾಗ, ಆ ಹೊಲಸನ್ನೆಲ್ಲ ಹೆಲಿಕಾಪ್ಟರ್‌ನಲ್ಲಿ ಹೊರಗೆ ಸಾಗಿಸ್ತಾರೆ. ಹಲಗೆಗಳೂ ಹಾಗೇ ಗಾಳಿಯಲ್ಲೇ ಬರಬೇಕು.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಸಾಲುಗಟ್ಟಿದ್ದ ವಿಡಿಯೊ ನೋಡಿ ನನಗೆ ಸಂಕಟ ಆಗಿತ್ತು. ಆಮೇಲೆ ಅಲ್ಲೂ ಆನ್‌ಲೈನ್ ಬುಕಿಂಗ್, ದಿನದ ಮಿತಿ ಬಂತು. ಒಳ್ಳೇದೇ ಆಯ್ತು. ಆದರೆ ಮಿತಿ ಹಾಕಿದರಷ್ಟೇ ಸಾಲದು, ದಾರಿ ಸರಿಮಾಡೋ ಕೈಗಳೂ ವರ್ಷವಿಡೀ ಬೇಕು.

ನೀವು ಹೋಗೋದಾದರೆ ಡಿಸೆಂಬರ್, ಜನವರಿಗೆ ಬೇಗ ಬುಕ್ ಮಾಡಿ. ಹಟ್‌ನಲ್ಲಿ ಮಲಗೋ ಜಾಗ ಕಾದಿರಿಸೋ ಹಾಗಿಲ್ಲ, ಟೆಂಟ್ ಒಯ್ಯಲೇಬೇಕು. ಬ್ಯಾಗ್ ಕೆಳಗಿಟ್ಟು ಪಕ್ಕದ ಬೆಟ್ಟ ಹತ್ತೋಕೆ ಹೋದರೆ ಜಿಪ್ ಮುಚ್ಚೋ ಹಾಗೆ ಮಳೆಕವರ್ ಬಿಗಿಯಾಗಿ ಹಾಕಿ. ಅಲ್ಲಿನ ಕರಿ ಕರಾವಾಂಗ್ ಹಕ್ಕಿಗಳು ಕೊಕ್ಕಿನಿಂದಲೇ ಜಿಪ್ ಎಳೆದು ತಿಂಡಿ ಹೊತ್ತುಕೊಂಡು ಹೋಗ್ತವೆ.