ಸಿಗರೇಟಿನ ಮಾತು ಮೂರನೇ ನಿಮಿಷಕ್ಕಾ, ಏಳನೇ ನಿಮಿಷಕ್ಕಾ?

ಪ್ರಶ್ನೆ: ಮೇಡಂ, ನಾನು ಎಂಬಿಬಿಎಸ್ ಮುಗಿಸಿ, ಬ್ರಿಟನ್‌ನಲ್ಲಿ ಡಾಕ್ಟರ್ ಆಗಿ ಕೆಲಸ ಮಾಡಲು ಬರೆಯುವ ಪ್ಲ್ಯಾಬ್‌ನ ಎರಡನೇ ಪರೀಕ್ಷೆಗೆ ತಯಾರಿ ಮಾಡುತ್ತಿದ್ದೇನೆ. ಹಿಸ್ಟರಿ, ಅಂದರೆ ಕಾಯಿಲೆಯ ಹಿನ್ನೆಲೆ ಕೇಳುವಾಗ ರೋಗಿ 'ಸಿಗರೇಟು ಸೇದ್ತೀನಿ' ಅಂದರೆ ಅಲ್ಲೇ ಕೌನ್ಸೆಲಿಂಗ್ ಮಾಡಬೇಕಾ, ಕೊನೆಗೆ ಇಟ್ಟುಕೊಳ್ಳಬೇಕಾ? ಕೊನೆಗೆ ಇಟ್ಟುಕೊಂಡರೆ ಪ್ರತಿ ಸಲ ಟೈಮ್ ಮುಗಿದುಹೋಗುತ್ತದೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಮ್ಯಾಂಚೆಸ್ಟರ್‌ನಲ್ಲಿ ಪರೀಕ್ಷೆಗೆ ಮುಂಚೆ ನಾನೂ ಇದೇ ತಪ್ಪು ಮಾಡುತ್ತಿದ್ದೆ. ಬಾಡಿಗೆ ರೂಮಿನಲ್ಲಿ ಹುಬ್ಬಳ್ಳಿಯ ಗೆಳತಿಯೊಬ್ಬಳು ಅಭ್ಯಾಸಕ್ಕೆ ರೋಗಿಯಾಗಿ ಕೂರುತ್ತಿದ್ದಳು. ಒಂದು ದಿನ ಅವಳಿಗೆ ಎದೆನೋವು, ದಿನಕ್ಕೆ 20 ಸಿಗರೇಟು. ನಾನು ಮೂರನೇ ನಿಮಿಷದಲ್ಲೇ ಸಿಗರೇಟಿನ ಬಗ್ಗೆ ಶುರು ಮಾಡಿದೆ, ನಿಲ್ಲಿಸಲೇ ಇಲ್ಲ. ಅವಳು ಕೇಳಿದಳು, 'ಅಲ್ಲವಾ, ನನ್ನ ಎದಿನೋವು ಎಲ್ಲಿ ಹೋತು?' ಅವತ್ತಿನಿಂದ ನನ್ನ ರೀತಿ ಬದಲಾಯಿತು.

ರೋಗಿ ಬಂದಿದ್ದು ನೋವಿಗೆ. ಅದೇನು ಅಂತ ತಿಳಿಯುವ ಮುಂಚೆ ಹೇಳಿದ ಬುದ್ಧಿಮಾತು ಬೈಗುಳದ ಹಾಗೆ ಕೇಳಿಸುತ್ತದೆ. ಹಾಗಂತ ಕೇಳಿಸದವರ ಹಾಗೆ ಮುಂದಿನ ಪ್ರಶ್ನೆಗೆ ಹಾರಲೂಬೇಡಿ. 'ಹೇಳಿದ್ದು ಒಳ್ಳೆಯದಾಯಿತು, ಇದರ ಬಗ್ಗೆ ಆಮೇಲೆ ಸ್ವಲ್ಪ ಮಾತಾಡೋಣ, ಆಗಬಹುದಾ?' ಅಷ್ಟು ಸಾಕು. ಆಮೇಲೆ ಆ ಮಾತನ್ನು ಮರೆಯದೆ ಉಳಿಸಿಕೊಳ್ಳಿ. ಕಾಯಿಲೆ ವಿವರಿಸುವಾಗ 'ಈ ನೋವಿಗೂ ಸಿಗರೇಟಿಗೂ ಸಂಬಂಧ ಇದೆ' ಅಂತ ಜೋಡಿಸಿ. 'ಬಿಡಬೇಕು ಅಂತ ಯಾವಾಗಾದರೂ ಅನಿಸಿದೆಯಾ?' ಅಂತ ಕೇಳಿ. ಹೌದು ಅಂದರೆ ನಿಕೋಟಿನ್ ಪ್ಯಾಚ್, ಬಿಡಿಸಲು ನೆರವಾಗುವ ಕ್ಲಿನಿಕ್ ಬಗ್ಗೆ ಹೇಳಿ. ಇಲ್ಲ ಅಂದರೆ ಒತ್ತಾಯ ಬೇಡ, ಮನಸ್ಸಾದಾಗ ಬನ್ನಿ ಅನ್ನಿ. ಇದಕ್ಕೆ ಒಂದು ನಿಮಿಷವೂ ಬೇಡ.

ಇನ್ನು ಟೈಮ್ ಮುಗಿಯುವ ವಿಚಾರ. ತಪ್ಪು ಕೌನ್ಸೆಲಿಂಗ್‌ನದ್ದಲ್ಲ, ಹಿಸ್ಟರಿಯದ್ದು. ನಮ್ಮ ಎಂಬಿಬಿಎಸ್ ಪರೀಕ್ಷೆಯಲ್ಲಿ ಲಾಂಗ್ ಕೇಸ್, ಅಂದರೆ ಒಬ್ಬ ರೋಗಿಯನ್ನು ಪೂರ್ತಿ ನೋಡಿ ಒಪ್ಪಿಸುವ ಕೇಸ್ ತೆಗೆದುಕೊಳ್ಳುವಾಗ ನಾವು ಕೇಳುವುದು ಎಕ್ಸಾಮಿನರ್‌ಗೋಸ್ಕರ. ಒಂದು ಪ್ರಶ್ನೆಯೂ ಬಿಟ್ಟುಹೋಗಬಾರದು ಅನ್ನುವ ಭಯ ಮೈಗೆ ಅಂಟಿರುತ್ತದೆ. ಪ್ಲ್ಯಾಬ್‌ನಲ್ಲಿ ಒಂದೊಂದು ಸ್ಟೇಷನ್‌ಗೆ, ಅಂದರೆ ಒಬ್ಬ ರೋಗಿಯ ಜೊತೆಗಿನ ಒಂದು ಸುತ್ತಿಗೆ, ಇರುವುದೇ 8 ನಿಮಿಷ. ಅಂಕ ಕೊಡುವುದು ಮೂರು ಭಾಗದಲ್ಲಿ: ವಿವರ ಕಲೆಹಾಕಿದ್ದು, ಚಿಕಿತ್ಸೆಯ ನಿರ್ಧಾರ, ರೋಗಿಯ ಜೊತೆ ನಡೆದುಕೊಂಡ ರೀತಿ. ಏಳು ನಿಮಿಷ ಹಿಸ್ಟರಿಗೇ ಹೋದರೆ ಉಳಿದ ಎರಡಕ್ಕೆ ಏನು ಉಳಿಯಿತು ಹೇಳಿ? ನಾಲ್ಕೂವರೆ ನಿಮಿಷಕ್ಕೆ ವಿವರಣೆ ಶುರು ಮಾಡಲೇಬೇಕು ಅಂತ ನಾನು ಗೆರೆ ಎಳೆದುಕೊಂಡಿದ್ದೆ.

ಆದರೆ ಎಲ್ಲ ಸ್ಟೇಷನ್‌ಗೂ ಒಂದೇ ಗೆರೆ ಅಲ್ಲ. ಒಳಗೆ ಹೋಗುವ ಮುಂಚೆ ಓದಲು ಒಂದೂವರೆ ನಿಮಿಷ ಸಿಗುತ್ತದಲ್ವಾ, ಆಗ ನಿಮಗೆ ಕೊಟ್ಟ ಕೆಲಸ ಏನು ಅಂತ ಎರಡು ಸಲ ಓದಿ. ಕಾಯಿಲೆ ಆಗಲೇ ಗೊತ್ತಿದ್ದು ರೋಗಿಗೆ ತಿಳಿಸುವುದಷ್ಟೇ ಕೆಲಸ ಅಂದರೆ, ಅವರಿಗೆ ಏನು ಗೊತ್ತಿದೆ, ಯಾವುದರ ಹೆದರಿಕೆ ಇದೆ ಅಂತ ಕೇಳಿ, ಎರಡನೇ ನಿಮಿಷದಲ್ಲೇ ಶುರು ಮಾಡಿ.

ಫಿಟ್ಸ್ ಬಂದವರ ಸ್ಟೇಷನ್ ಬಗ್ಗೆ ನಾನು ಯಾವಾಗಲೂ ಒತ್ತಿ ಹೇಳುತ್ತೇನೆ. ಬ್ರಿಟನ್‌ನಲ್ಲಿ ಮೊದಲ ಸಲ ಫಿಟ್ಸ್ ಬಂದ ಮೇಲೆ ಲೈಸೆನ್ಸ್ ಕೊಡುವ ಡಿವಿಎಲ್‌ಎಗೆ ತಿಳಿಸಬೇಕು. ಕಾರು ಓಡಿಸುವವರು ಸಾಮಾನ್ಯವಾಗಿ 6 ತಿಂಗಳು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ, ಲಾರಿ ಡ್ರೈವರ್ ಆದರೆ 5 ವರ್ಷ. ಐದು ವರ್ಷ ಅಂದರೆ ಅವರ ಅನ್ನವೇ ಹೋದ ಹಾಗೆ. ಅದನ್ನು ಕೊನೆಯ 20 ಸೆಕೆಂಡಿನಲ್ಲಿ ಹೇಳಿ ಎದ್ದು ಬರಬೇಡಿ. ಕೆಲಸ ಏನು ಅಂತ ಮೊದಲೇ ಕೇಳಿಕೊಳ್ಳಿ, ನಾಲ್ಕನೇ ನಿಮಿಷಕ್ಕೇ ಹೇಳಿ. ಹೇಳಿದ ಮೇಲೆ ಸುಮ್ನೆ ಕೂತು, ಅವರು ಮಾತಾಡುವವರೆಗೆ ಕಾಯಿರಿ.

ಅಭ್ಯಾಸಕ್ಕೆ ಜೊತೆ ಸಿಗದಿದ್ದರೆ ಅಮ್ಮನನ್ನೇ ಎದುರಿಗೆ ಕೂರಿಸಿ. ಕನ್ನಡದಲ್ಲೇ ಮಾತಾಡಿ. ಫೋನಿನಲ್ಲಿ ನಾಲ್ಕೂವರೆ ನಿಮಿಷಕ್ಕೆ ಅಲಾರಾಂ ಇಡಿ. ಮುಗಿದ ಮೇಲೆ 'ನಾನು ಏನು ಹೇಳಿದೆ ಅಂತ ಹೇಳಮ್ಮಾ' ಅಂತ ಕೇಳಿ. ಅವರಿಗೆ ನೆನಪಿಲ್ಲದಿದ್ದರೆ ನೀವು ಜಾಸ್ತಿ ಹೇಳಿದ್ದೀರಿ ಅಂತ ಅರ್ಥ.